ಬೂದಿ ಮೆತ್ತಿದ ನೋಟ್‌ಬುಕ್ಕು

ಇವತ್ತು ಬೆಳಿಗ್ಗೆ ಅಟ್ಟದಿಂದ ಅಪ್ಪಳದ ಡಬ್ಬಿ ಇಳಿಸಲು ಹೋದವಳ ತಲೆಯ ಮೇಲೆ ಉದ್ದನೆಯ ನೋಟ್‌ಬುಕ್ಕೊಂದು ಬಿತ್ತು. ಅದರ ಕಂದು ಕಾಗದದ ಹೊದಿಕೆ ನನ್ನದೇ ಕೈಕೆಲಸ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ಬೇಕಾದಷ್ಟು ಮರೆತಿದ್ದೇನೆ, ಹೊದಿಕೆಯ ಮೂಲೆ ಮಡಚುವುದೊಂದು ಮಾತ್ರ ಕೈಬಿಟ್ಟಿಲ್ಲ. ಅದರ ಮೇಲೆ ಬೂದಿಯಲ್ಲಿ ಮೂಡಿದ ಹೆಬ್ಬೆರಳ ಗುರುತು ನಮ್ಮತ್ತೆಯದು. ಒರೆಸಲು ಸೆರಗೆತ್ತಿದವಳು ಹಾಗೇ ನಿಂತುಬಿಟ್ಟೆ. ಅತ್ತೆ ಈಗಿಲ್ಲ.

ನೋಟ್‌ಬುಕ್ಕು ಕವಿತಾಳದು. ಮೆಟ್ಟೂರಿನಲ್ಲಿರುವ ನಮ್ಮ ಭಾವನವರ ಮಗಳು. ಮೊದಲ ಸಲ ನೀಟ್ ಬರೆದು ಮೆಡಿಕಲ್ ಸೀಟು ಸಿಗದೆ, ಇನ್ನೊಂದು ವರ್ಷ ಓದಿ ಬರೆಯುತ್ತೇನೆಂದು ಸೇಲಂನ ನಮ್ಮ ಮನೆಗೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ಮಾರ್ಕ್ ಪತ್ತಲೆ ಚಿಕ್ಕಮ್ಮ, ಸಾಲ್ಲಿಲ್ಲ. ಇದೊಂದ್ಸಲಾನೂ ಬರ್ಲಿಲ್ಲಾಂದ್ರೆ ಅಪ್ಪ ಬಿ.ಕಾಂಗೆ ಸೇರುಸ್ಬುಡ್ತಾರೆ.”

ನನಗೆ ಸಡಗರವೋ ಸಡಗರ. ಹೊಸ ಪುಸ್ತಕ, ಹೊಸ ಗೈಡು, ಎಲ್ಲಕ್ಕೂ ಹೊದಿಕೆ. ಸ್ಕೇಲಿಟ್ಟು ಗೀಟು ಹಾಕಿ, ಕೆಂಪು ಮಾರ್ಜಿನ್ ಬಿಟ್ಟು ಟೈಂಟೇಬಲ್ ಬರೆದೆ. ಮೊದಲ ಪುಟದಿಂದ ಶುರು ಮಾಡಿದೆವು. ಒಂದು ತಿಂಗಳಾದರೂ ಸಸ್ಯಗಳ ಪಾಠದಿಂದಾಚೆಗೆ ದಾಟಲಿಲ್ಲ. ಹುಡುಗಿ ಗೊತ್ತಿದ್ದದ್ದನ್ನೇ ಓದುತ್ತಿದ್ದಳು, ನಾನು ಗೊತ್ತಿಲ್ಲದೆಯೇ ಒಪ್ಪಿಸಿಕೊಳ್ಳುತ್ತಿದ್ದೆ.

ನಡುಮನೆಯ ಮಗ್ಗದ ಹಿಂದೆ ಕೂತು ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಹಾಸು ಮುಗಿದಿತ್ತು. ಹಾಸೆಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು. ಮುಗಿದರೂ ಅದನ್ನು ಪೂರ್ತಿ ಕೀಳುವುದಿಲ್ಲ. ಎಳೆಗಳು ಹಾದುಹೋಗುವ, ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನಿಟ್ಟು, ಬೆರಳಿಗೆ ಬೂದಿ ಮೆತ್ತಿಕೊಂಡು ಹೊಸೆಯುತ್ತಾರೆ. ಸಾವಿರಾರು ಎಳೆ. ಕತ್ತು ಬಗ್ಗಿಸಿ ಕೂತರೆ ದಿನವೇ ಕಳೆಯುತ್ತದೆ.

“ಲೇ ಕವಿತಾ, ಕಳ್ದ್ ವರ್ಸ ಓದಿದ್ದೆಲ್ಲ ಎಲ್ಲೋಯ್ತು?” ಎಂದರು ಅತ್ತೆ.

“ಫೇಲಾದಂಗೇ ಅಲ್ವಾ ಅಜ್ಜಿ. ಅದುಕ್ಕೇ ಮೊದ್ಲಿಂದ ಓದ್ತಾ ಇವ್ನಿ.”

“ಆಸು ಮುಗುದ್ರೆ ಮಗ್ಗಾನೇ ಬಿಚ್ಚಾಕ್ತೀವಾ? ಎಲ್ಲಿ ಕಿತ್ತೋಗೈತೋ ಅಲ್ಲಿ ನೋಡ್ಲೇ. ನಿಮ್ ಚಿಕ್ಕಮ್ಮನ್ ಮಾತ್ ಕೇಳ್ಬೇಡ, ಅವ್ಳು ಗೀಟಾಕೋಕೇ ಹುಟ್ಟವ್ಳೆ!”

ನಾನು ಮುಖ ದಪ್ಪ ಮಾಡಿಕೊಂಡು ಒಳಗೆ ಹೋದೆ. ಆದರೆ ಸಂಜೆ ಕಾಫಿ ಹೊತ್ತಿಗೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನೂ ಅವಳು ಕೊಟ್ಟಿದ್ದ ಉತ್ತರಗಳನ್ನೂ ಮುಂದಿಟ್ಟುಕೊಂಡು ಕೂತೆವು. ಗೀಟು ಹಾಕದೆ ಇರಲಾರೆನಲ್ಲ, ಈ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ತಿಳಿಯದೆ ತಪ್ಪಿದ್ದು, ಅವಸರದಲ್ಲಿ ತಪ್ಪಿದ್ದು, ಹೆದರಿ ಬಿಟ್ಟದ್ದು. ಒಂದೊಂದಕ್ಕೂ ಒಂದೊಂದು ಗೆರೆ. ತುಂಬಿದ್ದು ಮೂರನೆಯದು. ಫಿಸಿಕ್ಸಿನಲ್ಲಿ ಬರುತ್ತಿದ್ದ ಲೆಕ್ಕಗಳನ್ನೂ, ತಪ್ಪಾದರೆ ಮಾರ್ಕು ಕಳೆಯುತ್ತಾರೆಂದು ಮುಟ್ಟದೆ ಬಿಟ್ಟಿದ್ದಳು. ಇಂಥ ಕಡೆ ಎಳೆ ಕಿತ್ತಿದೆಯೆಂದು ಗೊತ್ತಾದ ಮೇಲೆ ವರ್ಷವೆಲ್ಲ ಅದೇ ಕೆಲಸ. ಮಧ್ಯಾಹ್ನ ಅವಳು ಪರೀಕ್ಷೆ ಬರೆಯುವುದು, ನಾನು ಗಡಿಯಾರ ನೋಡುತ್ತ ಅವರೆಕಾಯಿ ಬಿಡಿಸುವುದು, ಅತ್ತೆ ಮಗ್ಗದ ಸದ್ದು ನಿಲ್ಲಿಸಿ ಪಕ್ಕದಲ್ಲೇ ತೂಕಡಿಸುವುದು. ಓದಲು ಬಾರದ ಅತ್ತೆ ಆಗಾಗ ನೋಟ್‌ಬುಕ್ಕು ತೆಗೆದು ಮೂರನೆಯ ಕಾಲಮಿನ ಮೇಲೆ ಬೆರಳಾಡಿಸಿ, “ಗೆರೆ ಕಮ್ಮಿ ಆಗೈತೆ ಅಲ್ವಾ?” ಎನ್ನುತ್ತಿದ್ದರು. ಆ ಮಧ್ಯಾಹ್ನಗಳನ್ನು ಯಾರಾದರೂ ತಿರುಗಿ ಕೊಡುತ್ತಾರೆಂದರೆ ಈ ಮನೆಯ ಯಾವ ವಸ್ತುವನ್ನು ಬೇಕಾದರೂ ಕೊಟ್ಟೇನು.

ಒಂದು ದಿನ ಕವಿತಾ ಪೆನ್ನು ಕಚ್ಚುತ್ತ ಕೇಳಿದಳು: “ಚಿಕ್ಕಮ್ಮ, ನೀವೂ ಎಂಟ್ರೆನ್ಸ್ ಬರ್ದಿದ್ರಂತೆ? ಸೀಟ್ ಸಿಗ್ದೇ ಇದ್ದಾಗ ಇನ್ನೊಂದ್ಸಲ ಯಾಕೆ ಬರೀಲಿಲ್ಲ?”

“ರಕ್ತ ಕಂಡ್ರೆ ತಲೆ ಸುತ್ತುತ್ತೆ ಕಣೇ,” ಎಂದೆ. ನಮ್ಮಪ್ಪನಿಗೂ ಆಗ ಅದನ್ನೇ ಹೇಳಿದ್ದೆ. ಪಾಪ, ಅವರು ಇನ್ನೊಂದು ವರ್ಷ ಓದಿಸಲು ತಯಾರಾಗಿಯೇ ಇದ್ದರು. ಅತ್ತೆ ಕಣ್ಣು ತೆರೆದು ನನ್ನನ್ನು ಒಮ್ಮೆ ನೋಡಿ, ಮತ್ತೆ ಮುಚ್ಚಿಕೊಂಡರು. ಈ ಮನೆಯಲ್ಲಿ ಕೋಳಿ ಕೊಯ್ದು ಸಾರು ಮಾಡುವವಳು ನಾನೇ ಅಲ್ಲವೇ.

ಎರಡನೆಯ ಸಲ ಕವಿತಾಳಿಗೆ ಸೀಟು ಬಂತು. ದೂರದ ಊರಿನ ಕಾಲೇಜು. ಅವಳು ಹೊರಟ ವರ್ಷವೇ ಅತ್ತೆಯೂ ಹೋದರು. ಆಮೇಲೆ ಮಗ್ಗಕ್ಕೆ ಯಾರೂ ಹೊಸ ಹಾಸು ಹೂಡಲಿಲ್ಲ.

ಅಪ್ಪಳ ಕರಿಯುವುದನ್ನು ಬಿಟ್ಟು ಅವಳಿಗೆ ಫೋನು ಮಾಡಿದೆ.

“ಲ್ಯಾಬ್‌ಗೆ ಓಗ್ತಾ ಇವ್ನಿ ಚಿಕ್ಕಮ್ಮ. ಏನಾಯ್ತು? ಎಲ್ರೂ ಚೆನ್ನಾಗವ್ರಾ?”

“ಚೆನ್ನಾಗಿದ್ದೀವಮ್ಮ. ಅವತ್ತು ರಕ್ತ ಅಂತ ಹೇಳಿದ್ನಲ್ಲ, ಅದು ಸುಳ್ಳು.”

ಆ ಕಡೆ ನಡಿಗೆ ನಿಂತ ಹಾಗಾಯಿತು. “ಯಾವ್ ಕಾಲಂ ಚಿಕ್ಕಮ್ಮ?”

“ಮೂರನೇದು.”

ನಗುತ್ತಾಳೆಂದುಕೊಂಡೆ, ನಗಲಿಲ್ಲ. “ಅಜ್ಜಿಗೆ ಗೊತ್ತಿತ್ತು ಚಿಕ್ಕಮ್ಮ,” ಎಂದಳು ಮೆಲ್ಲಗೆ. “ಅವತ್ತು ರಕ್ತ ಅಂದು ನೀವು ಒಳಕ್ಕೋದ್ಮೇಲೆ ಅಂದ್ರು, ‘ಅವ್ಳಿಗೆ ಪಕ್ದಲ್ಲಿ ಕೂರೋರ್ ಯಾರೂ ಇರ್ಲಿಲ್ಲ ಕಣ್ಲೇ, ನಿಂಗೆ ಅವ್ಳವ್ಳೆ’ ಅಂತ.”

ಫೋನಿಟ್ಟ ಮೇಲೆ ಕವಿತಾಳ ಕೊನೆಯ ಗೆರೆಯ ಕೆಳಗೆ, ಮೂರನೆಯ ಕಾಲಮಿನಲ್ಲಿ, ನನ್ನದೂ ಒಂದು ಗೆರೆ ಎಳೆದೆ. ಸ್ಕೇಲು ಹುಡುಕಲಿಲ್ಲ. ಸ್ವಲ್ಪ ಸೊಟ್ಟಗೇ ಬಂತು.