ಮಸಿಪುಡಿ ಬೆರೆಸುತ್ತಿದ್ದ ಅಕ್ಕ

ಅಕ್ಕನ ಕಣ್ಣುರೆಪ್ಪೆಯ ಅಂಚಿನಲ್ಲಿ ಸದಾ ಕಾಡಿಗೆ ತೀಡಿದಂತೆ ಕಪ್ಪು ಇರುತ್ತಿತ್ತು. ಅದು ಕಾಡಿಗೆಯಲ್ಲ, ಕಾರ್ಖಾನೆಯ ಮಸಿಪುಡಿ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅರವತ್ತರ ದಶಕದ ಮಾತು. ಬೆಂಗೇರಿಯಲ್ಲಿ ಪ್ಲಾಸ್ಟಿಕ್ ಪೈಪು ಮಾಡುವ ಸಣ್ಣ ಕಾರ್ಖಾನೆಯೊಂದು ಶುರುವಾಗಿತ್ತು. ಬಿ.ಎಸ್ಸಿ. ಮುಗಿಸಿದ್ದ ನಾನು ಅಲ್ಲಿ ಮಾಲು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಸಪ್ತಾಪುರದ ಬಾಡಿಗೆ ಕೋಣೆಯಿಂದ ದಿನಾ ಬಂದುಹೋಗುತ್ತಿದ್ದೆ. ಮನಸ್ಸು ಮಾತ್ರ ಅಲ್ಲಿ ನಿಂತಿರಲಿಲ್ಲ. ಮುಂಬಯಿಯ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕುತ್ತ ಅಂಚೆಯವನ ದಾರಿ ಕಾಯುತ್ತಿದ್ದೆ.

ಕಾರ್ಖಾನೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಆ ಹೆಂಗಸಿನ ಕೆಲಸ ಬೆರೆಸುವುದು. ಬಿಳಿ ಪ್ಲಾಸ್ಟಿಕ್ ಕಾಳುಗಳಿಗೆ ಮಸಿಪುಡಿ ಚೆನ್ನಾಗಿ ಬೆರೆತರಷ್ಟೇ ಪೈಪು ಬಿಸಿಲು ತಾಳುತ್ತದೆ. ಪುಡಿ ಅಂಟಲೆಂದು ಅಕ್ಕ ಮೊದಲು ಕಾಳುಗಳಿಗೆ ತುಸುವೇ ಎಣ್ಣೆ ಸವರುತ್ತಿದ್ದರು. ಆಮೇಲೆ ಪುಡಿಯನ್ನು ಜರಡಿ ಹಿಡಿದು, ಸ್ವಲ್ಪ ಸ್ವಲ್ಪವೇ ಸುರಿದು ಪೀಪಾಯಿ ತಿರುಗಿಸುತ್ತಿದ್ದರು. ಯಂತ್ರದಿಂದ ಪೈಪು ಹೊರಬಂದ ಕೂಡಲೇ ತೆಳ್ಳಗೆ ಒಂದು ಚೂರು ಕೊಯ್ದು ಬಾಗಿಲಿಗೆ ಓಡಿ ಬಿಸಿಲಿಗೆ ಹಿಡಿಯುತ್ತಿದ್ದರು. ಪುಡಿ ಬೆರೆಯದ ಬಿಳಿ ಗೆರೆ ಕಂಡರೆ ಆ ಪೈಪನ್ನೆಲ್ಲ ತುಂಡರಿಸಿ ಮತ್ತೆ ಯಂತ್ರಕ್ಕೆ ಹಾಕಿಸುವವರೆಗೆ ಅವರಿಗೆ ಸಮಾಧಾನವಿಲ್ಲ.

“ಮ್ಯಾಲೆ ಕರ್ರಗ ಕಂಡ್ರ ಆಗಂಗಿಲ್ರಿ ಸಾಹೇಬ್ರ, ಒಳಗೂ ಹೊಂದಬೇಕು” ಅನ್ನುತ್ತಿದ್ದರು.

ಒಂದು ದಿನ ಮುಂಬಯಿಯಿಂದ ಸಂದರ್ಶನದ ಕರೆ ಬಂತು. ಸಂಜೆಯ ಗಾಡಿ ಹಿಡಿಯಬೇಕಿತ್ತು. ಕೆಲಗೇರಿ ಕಡೆಯ ಸಾಲೆಯೊಂದಕ್ಕೆ ಹೋಗಬೇಕಿದ್ದ ಪೈಪು ಸಿದ್ಧವಾಗಿತ್ತು. ನಾನು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದಾಗ ಅಕ್ಕ ಚೂರು ಹಿಡಿದು ಬಂದರು.

“ಬಿಳೀ ಗೆರಿ ಅದಾವ್ರಿ. ಇನ್ನೊಮ್ಮೆ ಹಾಕೂಣು.”

“ಹೊತ್ತಿಲ್ರಿ ಅಕ್ಕಾರ. ನಡೀತದ” ಎಂದು ಸಹಿ ಮಾಡಿ ಓಡಿದೆ.

ಮುಂಬಯಿಯ ನೌಕರಿ ಸಿಗಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಸಾಲೆಯ ಮಾಳಿಗೆಯ ಮೇಲಿದ್ದ ಪೈಪು ಉದ್ದಕ್ಕೂ ಸೀಳಿತು. ಮಕ್ಕಳಿಗೆ ಕುಡಿಯಲು ನೀರಿಲ್ಲದಂತಾಯಿತು. ಮಾಲಕರು ಸೀಳಿದ ತುಂಡನ್ನು ತಂದು ಅಕ್ಕನ ಮುಂದೆ ಎಸೆದರು.

“ಏನ ಬೆರಸೀಯವಾ ನೀ? ನಾಳಿಂದ ಬರಬ್ಯಾಡ.”

ಅಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಜರಡಿ ಕೆಳಗಿಟ್ಟು ಹೊರಟುಹೋದರು.

ಮೂರು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೋಣೆಯಲ್ಲಿ ಇರಲಾರದೆ ಸಪ್ತಾಪುರದ ಬೀದಿಗಳಲ್ಲಿ ಸುಮ್ಮನೆ ಅಲೆದೆ, ಉಂಡ ಅನ್ನ ರುಚಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಾಲಕರ ಮುಂದೆ ನಿಂತು ಎಲ್ಲ ಹೇಳಿದೆ. ಅವರು, “ಮೊದಲ ಹೋಗಿ ಆಕೀನ್ನ ಕರಕೊಂಡ ಬಾ. ನಿನ್ನ ಮಾತು ಆಮ್ಯಾಲೆ” ಅಂದರು.

ಅವರ ಮನೆಗೆ ಹೋದಾಗ ಅಕ್ಕ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದರು.

“ತಪ್ಪು ನಂದಂತ ಹೇಳೇನ್ರಿ ಅಕ್ಕಾರ.”

“ಯಾವಾಗ?”

“ಇವತ್ತ.”

“ಅವತ್ತ ಯಾಕ ಹೇಳ್ಲಿಲ್ರಿ?”

ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. “ನಡೀರಿ. ಆ ಹುಡುಗೂರ ನೀರ ಇಲ್ದ ಕುಂತಾವು. ಲಗೂನ ಬ್ಯಾರೆ ಪೈಪ ಮಾಡೂಣು.”

ಅಂದು ಪೀಪಾಯಿ ತಿರುಗಿಸಿದವನು ನಾನು. ರಟ್ಟೆ ಸೋತು ನಿಂತರೆ, “ಇನ್ನೂ ಆಗಿಲ್ರಿ” ಅನ್ನುತ್ತಿದ್ದರು. ಪೈಪು ಜೋಡಿಸುವ ದಿನ ಅಕ್ಕ ತಾವೂ ಸಾಲೆಗೆ ಬಂದರು. ನಲ್ಲಿಯಲ್ಲಿ ನೀರು ಬಂದಾಗ ಮಕ್ಕಳೆಲ್ಲ ಕುಡಿಯುವವರೆಗೆ ಕಾದು, ಕೊನೆಗೆ ಬೊಗಸೆಯೊಡ್ಡಿದರು.

ನನ್ನ ನೌಕರಿಯೂ ಉಳಿಯಿತು. ಅಕ್ಕನ ಕೈಕೆಳಗೆ ಐದಾರು ವರ್ಷ ಕಳೆದೆ. ನಾನೊಬ್ಬ ಕೆಲಸಗಾರ ಅನ್ನಿಸಿಕೊಂಡದ್ದು ಅಲ್ಲಿಯೇ. ಅವರು ತೀರಿಕೊಂಡಾಗ ನಾನು ಬೇರೆ ಊರಿನಲ್ಲಿದ್ದೆ, ಸುದ್ದಿ ಎರಡು ವಾರ ತಡವಾಗಿ ತಲುಪಿತು. ಕ್ಷಮಿಸಿರಿ ಎಂಬ ಮಾತನ್ನು ಅವರಿಗೆ ನಾನು ಹೇಳಿರಲೇ ಇಲ್ಲ. ಹೇಳಬೇಕೆಂದು ಹತ್ತಿರ ಹೋದಾಗಲೆಲ್ಲ ಅವರಿಗೆ ಅದು ಹೇಗೋ ತಿಳಿಯುತ್ತಿತ್ತು. ಜರಡಿಯನ್ನು ನನ್ನ ಕೈಗೆ ಕೊಟ್ಟು, “ಮಾತ ಇರ್ಲಿ, ಹಿಡೀರಿ ಇದನ್ನ” ಅನ್ನುತ್ತಿದ್ದರು.