ಮಂಜುಳಮ್ಮನವರ ಮನೆಯ ಪಟ್ಟದ ಗೊಂಬೆ

ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ಹಲವು. ಅವನ್ನು ಮಕ್ಕಳ ಕೈಗೆ ಕೊಡುವ ಮನೆ ಮಂಜುಳಮ್ಮನವರದೊಂದೇ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಬಹುಕಾಲ ದುಡಿದ ಅವರು, ಈಗ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಾರೆ. ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ-ರಾಣಿಯನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಪೂಜಿಸುತ್ತಾರೆ. ಮಧ್ಯಾಹ್ನ ಮಕ್ಕಳು ಕೇಳಿದರೆ ಇಳಿಸಿಕೊಡುತ್ತಾರೆ. ಪಟ್ಟದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸಬಾರದು ಎನ್ನುವವರಿಗೆ ಅವರದು ಒಂದೇ ಉತ್ತರ: "ನಮ್ಮವ್ವ ಕೊಟ್ಟಿದ್ದು ಕಣ್ರೀ, ಆಡ್ಲಿ ಬುಡಿ."

ಈ ಸಲ ನಾನು ಕುಂಕುಮಕ್ಕೆ ಹೋದಾಗ ನಾಲ್ಕು ವರ್ಷದ ರಕ್ಷಿತಾ ರಾಣಿಯನ್ನು ಮಡಿಲಲ್ಲಿಟ್ಟು, ರಾಜನನ್ನು ಹಿಡಿದು ಕುಳಿತಿದ್ದಳು. ಆ ಮನೆಗೆ ಬಂದು ತಿಂಗಳುಗಳಾದರೂ ಬರೀ ತಲೆಯಾಡಿಸುತ್ತಿದ್ದ ಮಗು ಅಂದು ಮಾತಾಡುತ್ತಿತ್ತು.

"ರಾಜಂಗೆ ಇವತ್ತು ಫ್ಯಾಕ್ಟ್ರಿ ರಜ. ಆನೆ ಮೇಲೆ ತರಕಾರಿಗೆ ಹೋದ."

"ಆನೇನ ಎಲ್ಲಿ ನಿಲ್ಸಿದ? ಪಾರ್ಕಿಂಗೇ ಇಲ್ವಲ್ಲ!" ಎಂದ ಅವಳದೇ ವಯಸ್ಸಿನ ಯಶಸ್.

"ಸುಮ್ನಿರೋ! ಆಮೇಲೆ..."

ಮಕ್ಕಳಿಗೆ ಹಂಚಲು ಚಕ್ಕುಲಿ ತಂದ ಮಂಜುಳಮ್ಮ ತಟ್ಟೆ ಹಿಡಿದೇ ನಿಂತುಬಿಟ್ಟಿದ್ದರು.

ಅಷ್ಟರಲ್ಲಿ ಬಡಾವಣೆಯ ಸಂಘದ ಕಾರ್ಯದರ್ಶಿ ವಾಗೀಶರು ಗೊಂಬೆ ಸ್ಪರ್ಧೆಯ ತೀರ್ಪುಗಾರರಾಗಿ ಒಳಗೆ ಬಂದರು. ಖಾಲಿ ಮೆಟ್ಟಿಲು ನೋಡಿ, "ಏನಮ್ಮಾ ಇದು, ಸಂಪ್ರದಾಯ ಅನ್ನೋದು ಬೇಡ್ವಾ?" ಎನ್ನುತ್ತ ಮಗುವಿನ ಕೈಯಿಂದ ರಾಜನನ್ನು ಕಿತ್ತು ಮೇಲಿಟ್ಟು ಫೋಟೊ ತೆಗೆದರು. ಮಗುವಿನ ಮುಖವನ್ನು ನೋಡಲೂ ಇಲ್ಲ. ರಕ್ಷಿತಾಳ ಮಾತು ನಿಂತಿತು.

ಮಗುವೊಂದು ಮೊದಲ ಬಾರಿಗೆ 'ಆಮೇಲೆ' ಎಂದು ಉಸಿರೆಳೆದುಕೊಂಡಾಗ ಅದನ್ನು ತಡೆಯುವ ಹಕ್ಕನ್ನು ಯಾವ ಸಂಪ್ರದಾಯ ಕೊಡುತ್ತದೆಯೋ ನಾನರಿಯೆ. ನಾನು ಬಾಯಿ ತೆರೆಯುವ ಮೊದಲೇ ಮಂಜುಳಮ್ಮ ಸಿಡಿದರು.

"ನಿಮ್ಮ ಬಹುಮಾನ ನೀವೇ ಇಟ್ಕೊಳ್ಳಿ ಸ್ವಾಮಿ. ಮಗು ಕೈಯಿಂದ ಕಿತ್ಕೊಳ್ಳೋದು ಯಾವ ಸೀಮೆ ಮರ್ಯಾದೆ?"

"ನಿಯಮ ಅಂತ ಒಂದಿರುತ್ತೆ ಕಣಮ್ಮ."

"ನಿಮ್ಮ ನಿಯಮ ವರ್ಷವೆಲ್ಲ ಮಾತಾಡುತ್ತೆ. ಈ ಕೂಸು ಇವತ್ತು ಬಾಯಿ ಬಿಟ್ಟಿತ್ತು. ನಡೀರಿ ಆಚೆ!"

ರಾಜನನ್ನು ಇಳಿಸಿ ಅವರು ರಕ್ಷಿತಾಳ ಮುಂದಿಟ್ಟರು. ಅವಳು ಮುಟ್ಟಲಿಲ್ಲ. ಹೊಸ್ತಿಲಾಚೆ ಗೊಣಗುತ್ತ ಚಪ್ಪಲಿ ಮೆಟ್ಟುತ್ತಿದ್ದ ವಾಗೀಶರನ್ನೇ ದಿಟ್ಟಿಸುತ್ತಿದ್ದಳು. ಮಡಿಲಲ್ಲಿದ್ದ ರಾಣಿಯನ್ನು ಎತ್ತಿ ಹಿಡಿದು ಮತ್ತೆ ಶುರುಮಾಡಿದಳು.

"ಆಮೇಲೆ... ಒಬ್ಬ ಕಳ್ಳ ಬಂದ್ಬುಟ್ಟ. ರಾಜನ್ನ ಕಿತ್ಕೊಂಡ."

ಯಶಸ್ ಹತ್ತಿರ ಸರಿದ. "ಆಮೇಲೆ?"

"ರಾಣಿಗೆ ಸಿಟ್ಟು ಬಂತು. ಬೈದ್ಬುಟ್ಳು."

"ಆಮೇಲೆ?"

"ಬಾಗ್ಲು ಹಾಕ್ಬುಟ್ಳು."

ಮಂಜುಳಮ್ಮ ಹೋಗಿ, ಇನ್ನೂ ಏನೋ ಹೇಳಲು ತಿರುಗಿದ ವಾಗೀಶರ ಮುಖದ ಮೇಲೆ ಬಾಗಿಲು ಹಾಕಿದರು.