ಏಳನೇ ಕಾರಿನ ಹಿಂದಿನ ಸದ್ದು

ತಿಂಗಳ ಮೊದಲ ಭಾನುವಾರ, ಬೆಳಗಿನ ಐದೂಮುಕ್ಕಾಲು. ಬ್ರಹ್ಮಾವರದ ಹೆದ್ದಾರಿ ಬದಿಯ ಕಾರು ರಿಪೇರಿ ಶೆಡ್ಡಿನೆದುರು ಚಂದಯ್ಯ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿದ್ದಾರೆ. ಬೈಂದೂರಿಗೆ ಜೊತೆಯಾಗಿ ಹೊರಟ ಹನ್ನೊಂದು ಕಾರುಗಳು ಒಂದೊಂದಾಗಿ ಅವರೆದುರು ನಿಧಾನ ಸಾಗಬೇಕು. ಸದ್ದು ಸರಿಯಿದ್ದರೆ ಮೇಸ್ತ್ರಿ ಕೈ ಎತ್ತುತ್ತಾರೆ: "ಹೋಪುಕ್ ಅಡ್ಡಿಲ್ಲೆ."

ಏಳು ಕಾರು ದಾಟುತ್ತವೆ. ಎಂಟನೆಯದನ್ನು ಓಡಿಸುವ ಅಕ್ಷಯಾ, ಯಾರೂ ಹೇಳದೆ ಬ್ರೇಕ್ ಒತ್ತಿ ನಿಲ್ಲುತ್ತಾಳೆ. ಎದುರಿಗೆ ಬರೀ ರಸ್ತೆ. ಆದರೂ ಮೇಸ್ತ್ರಿಯ ತಲೆ ಎಡದಿಂದ ಬಲಕ್ಕೆ ಮೆಲ್ಲನೆ ತಿರುಗುತ್ತದೆ. ಅವರ ಬಗ್ಗೆ ಬರೆಯಲು ಬಂದ ನನಗೆ ಭೂತಪ್ರೇತದ ನಂಬಿಕೆಯಿಲ್ಲ, ಆದರೂ ಅವರ ತಲೆ ತಿರುಗಿದತ್ತಲೇ ನಾನೂ ನೋಡಿದೆ.

ಯಾಕೆ ನಿಲ್ಲಿಸಿದಿರಿ ಎಂದರೆ ಅಕ್ಷಯಾ, "ಗೊತ್ತಿಲ್ಲೆ ಮಾರಾಯ್ರೆ. ಎದುರಿಗೆ ಗಾಡಿ ಇದ್ದಂಗ್ ಆಯ್ತ್" ಎನ್ನುತ್ತಾಳೆ.

ಮೇಸ್ತ್ರಿ ಎದ್ದು ನಿಲ್ಲುತ್ತಾರೆ. "ಇವತ್ತ್ ಯಾರೂ ಹೋಪ್ದ್ ಬ್ಯಾಡ. ನನ್ ಕಿವಿ ಸಮ ಇಲ್ಲೆ." ಹುಡುಗರು ಗೊಣಗುತ್ತ ಮನೆ ಕಡೆ ತಿರುಗುತ್ತಾರೆ.

ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಬಸ್ ಶೆಡ್ಡಿನಲ್ಲಿ ಗ್ರೀಸ್ ತೊಳೆಯಲು ಸೇರಿದ ಮೇಸ್ತ್ರಿಗೆ ಈಗ ಅರವತ್ತೊಂದು. ದಿನಕ್ಕೆ ಐದಾರು ಗಾಡಿ, ಒಬ್ಬರದೇ ಕೈ. ಟಿಂಕರಿಂಗಿಗೆ ಕುಂದಾಪುರದವನು ಮೇಲೋ, ಎಸಿಗೆ ಬೈಂದೂರಿನವನು ಮೇಲೋ ಎಂದು ಕಾರುಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. ಸದ್ದಿನ ವಿಷಯಕ್ಕೆ ಮಾತ್ರ ಚಂದಯ್ಯಣ್ಣನೇ ಎಂದು ಎಲ್ಲರೂ ಒಪ್ಪುತ್ತಿದ್ದರು.

ಕಳೆದ ವರ್ಷದವರೆಗೆ ಎಂಟನೆಯ ಕಾರು ರವಿರಾಜನದು. "ಮುಂದಿನ ಚಕ್ರದ ಬೇರಿಂಗಲ್ ಸಣ್ ಗರಗರ ಇದ್ದಿತ್. ಸೋಮವಾರ ಮಾಡ್ವ, ಇವತ್ತ್ ಹೋಪುಕ್ ಅಡ್ಡಿಲ್ಲೆ ಅಂದೆ. ನಾನೇ ಕಳ್ಸಿದ್ದ್," ಎನ್ನುತ್ತಾರೆ ಮೇಸ್ತ್ರಿ. ಮರವಂತೆಯಲ್ಲಿ ಚಕ್ರ ಬಿಗಿದು ಕಾರು ಕಡಲ ಬದಿಯ ಕಲ್ಲುಗಳ ಮೇಲೆ ಉರುಳಿತು. ರವಿರಾಜ ಉಳಿಯಲಿಲ್ಲ, ಕಾರು ಗುಜರಿಗೆ ಹೋಯಿತು. ಆ ಗರಗರ ಮಾತ್ರ ಪ್ರತಿ ತಿಂಗಳೂ, ಏಳನೇ ಕಾರಿನ ಹಿಂದೆ, ಮೇಸ್ತ್ರಿಗೆ ಕೇಳುತ್ತದೆ.

ಕಿವಿಯ ನರದ ತೊಂದರೆ, ಮೂರು ತಿಂಗಳು ಗುಳಿಗೆ ನುಂಗಿದರೆ ನಿಲ್ಲುತ್ತದೆ ಎಂದಿದ್ದಾರೆ ಡಾಕ್ಟರು. ಗುಳಿಗೆಯ ಸ್ಟ್ರಿಪ್ ಟೂಲ್ ಬಾಕ್ಸಿನಲ್ಲಿ ಹಾಗೇ ಇದೆ. ಹೋದ ತಿಂಗಳು ಆ ಗರಗರದಲ್ಲಿ ಸುಜಿತನ ಕಾರಿನ ಬ್ರೇಕ್ ಉಜ್ಜುವ ಸದ್ದು ಇವರಿಗೆ ಕೇಳಲೇ ಇಲ್ಲ. ಒತ್ತಿನೆಣೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಮಣ್ಣಿನ ದಿಬ್ಬಕ್ಕೆ ಹತ್ತಿಸಿ ಅವನು ಬದುಕಿಕೊಂಡ. ಮೇಸ್ತ್ರಿಗೆ ವಯಸ್ಸಾಯಿತೆಂದು ಗುಂಪಿನಲ್ಲಿ ಈಗ ಮಾತು.

"ಬೈಲಿ. ಆದ್ರೆ ಸುಜಿತ್ ಸತ್ತಿದ್ರೆ?" ಎನ್ನುತ್ತಾರೆ ಮೇಸ್ತ್ರಿ.

ಹಾಗಾದರೆ ಗುಳಿಗೆ ನುಂಗಲು ಏನು ದಾಡಿ? ನನಗೆ ಸಿಟ್ಟೇ ಬಂತು. ಅವರು ರಸ್ತೆಯಾಚೆ ಕೈ ತೋರಿಸುತ್ತಾರೆ. ಕುಂದಾಪುರದ ಮೊದಲ ಬಸ್ಸಿನಿಂದ ಇಳಿದು ಬರುತ್ತಿದ್ದಾಳೆ ರವಿರಾಜನ ಹೆಂಡತಿ ವಿಜೇತಾ. ಪ್ರತಿ ತಿಂಗಳೂ ಈ ದಿನ ಬರುವ ಅವಳದು ಒಂದೇ ಪ್ರಶ್ನೆ.

"ಬಂದ್ರಾ ಅಣ್ಣ?"

"ಬಂದ."

ಪ್ರತಿ ಸಲವೂ ಅವಳು ಗರಗರ ಕೇಳಿದ ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ಮುಂದಿನ ಬಸ್ಸು ಹಿಡಿಯುತ್ತಾಳಂತೆ. "ಮದ್ದ್ ತಕಂಡ್ರೆ ಅವ್ಳಿಗ್ ಎಂತ ಹೇಳುದ್?" ಎಂದು ನನ್ನನ್ನೇ ಕೇಳುತ್ತಾರೆ ಮೇಸ್ತ್ರಿ.

ಇವತ್ತು ಅವಳು ಅಲ್ಲಿ ನಿಂತು ಶೆಡ್ಡಿಗೆ ಮರಳಿದ ಮೇಲೆ ಸುಜಿತನ ಸಂಗತಿ, ಗುಳಿಗೆಯ ಸಂಗತಿ ಎರಡನ್ನೂ ಅವಳಿಗೆ ಹೇಳಿಬಿಡುತ್ತಾರೆ. ವಿಜೇತಾ ಟೂಲ್ ಬಾಕ್ಸ್ ತೆರೆಯುತ್ತಾಳೆ. ಒಂದು ಗುಳಿಗೆ ಬಿಡಿಸಿ, ತನ್ನ ನೀರಿನ ಬಾಟಲಿ ಮುಂದೆ ಹಿಡಿಯುತ್ತಾಳೆ.

"ನುಂಗಿ ಅಣ್ಣ. ನನ್ ಹಾಂಗೆ ಇನ್ನೊಬ್ಳ್ ಇಲ್ ಬಂದ್ ನಿಲ್ಲುದ್ ಬ್ಯಾಡ."

ಮೇಸ್ತ್ರಿ ನುಂಗುತ್ತಾರೆ.

"ಪೂರಾ ನಿಲ್ಲುಕ್ ಮೂರ್ ತಿಂಗ್ಳ್ ಬೇಕಂಬ್ರ್ ಡಾಕ್ಟ್ರ್," ಎನ್ನುತ್ತಾರೆ ಅವರು. "ಅಲ್ಲಿವರಿಗೆ ಅವ ಬರ್ಲಿ. ಬಂದ್ರೆ ಹೇಳ್ತೆ, ತಂಗಿ."